ಚಸ್ತೂಷ್ಕ: ರಷ್ಯಾದ ನಾಲ್ಕು ಸಾಲಿನ ಹಾಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಷ್ಯಾದ ಹಳ್ಳಿಗಳ ಪುಟ್ಟ ತಮಾಷೆ ಹಾಡುಗಳ ಬಗ್ಗೆ ಮಾತು ತೆಗೆದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೊಸಬರು ಮೊದಲಿನಿಂದ ಓದಿ. ವಿಷಯ ಸ್ವಲ್ಪ ಗೊತ್ತಿದ್ದವರು ನಡುವಿನಿಂದ ಶುರು ಮಾಡಿದರೂ ಅಡ್ಡಿಯಿಲ್ಲ.

## ಮೊದಲ ಪರಿಚಯ

ಚಸ್ತೂಷ್ಕ ಅಂದ್ರೆ ಏನು? ಹಾಡಾ, ಪದ್ಯಾನಾ, ಜೋಕಾ?

ಹಾಡು. ಸಾಮಾನ್ಯವಾಗಿ ನಾಲ್ಕೇ ಸಾಲು, ಚುರುಕಾದ ಲಯ, ಸಾಲಿನ ಕೊನೆಯಲ್ಲಿ ಪ್ರಾಸ. ಹಾಡಿ ಮುಗಿಸಲು ಹತ್ತು ಹನ್ನೆರಡು ಸೆಕೆಂಡು ಸಾಕು. ಒಂದೊಂದೂ ಸ್ವತಂತ್ರ, ಹಿಂದಿನದಕ್ಕೂ ಮುಂದಿನದಕ್ಕೂ ಕಥೆಯ ನಂಟು ಇರಬೇಕೆಂದಿಲ್ಲ. ಆದರೆ ಒಂದನ್ನೇ ಹಾಡಿ ಸುಮ್ಮನೆ ಕೂರುವವರು ಇಲ್ಲ. ಒಬ್ಬಳು ಒಂದನ್ನು ಎಸೆದರೆ ಇನ್ನೊಬ್ಬಳು ಅದಕ್ಕೆ ಉತ್ತರವಾಗಿ ಮತ್ತೊಂದನ್ನು ಎಸೆಯುತ್ತಾಳೆ, ಹಾಗೇ ಅರ್ಧ ರಾತ್ರಿ ಕಳೆಯುತ್ತದೆ.

ಮೊದಲ ಎರಡು ಸಾಲುಗಳಲ್ಲಿ ಏನೂ ಆಗದ ಹಾಗೆ ಕಾಣುತ್ತದೆ. ಮೂರನೆಯದರಲ್ಲಿ ಕೇಳುವವರ ಕಿವಿ ನೆಟ್ಟಗಾಗುತ್ತದೆ, ನಾಲ್ಕನೆಯದರಲ್ಲಿ ಏಟು ಬೀಳುತ್ತದೆ. ವಿಷಯಕ್ಕೆ ಮಿತಿಯಿಲ್ಲ: ಕೈಕೊಟ್ಟ ಗೆಳೆಯ, ಹೆಂಡತಿಯ ತಾಯಿ, ಪಕ್ಕದ ಹಳ್ಳಿಯ ಹುಡುಗಿಯರ ಒನಪು, ವೋಡ್ಕ, ಸಾಮೂಹಿಕ ಬೇಸಾಯದ ಕೊಲ್ಖೋಜಿನ ಅಧ್ಯಕ್ಷ, ಅಂಗಡಿಯಲ್ಲಿ ಸಿಗದ ಸಾಸೇಜು, ದೇಶದ ನಾಯಕ.

ಹೆಸರನ್ನ ಹೇಗೆ ಹೇಳ್ಬೇಕು? ಅರ್ಥ ಏನು?

ಒಂದಾದರೆ ‘ಚಸ್ತೂಷ್ಕ’, ಹಲವಾದರೆ ‘ಚಸ್ತೂಷ್ಕಿ’. ಒತ್ತು ‘ಸ್ತೂ’ ಮೇಲೆ. ‘ಚಾಸ್ತ’ ಎಂದರೆ ರಷ್ಯನ್ನಿನಲ್ಲಿ ಪದೇ ಪದೇ, ಬೇಗ ಬೇಗ ಎಂದರ್ಥ. ಪಟಪಟ ಹೇಳುವ ಹಾಡು ಎಂಬ ಭಾವ ಅಲ್ಲಿಂದ ಬಂದದ್ದು. ಲೇಖಕ ಗ್ಲೆಬ್ ಉಸ್ಪೆನ್‌ಸ್ಕಿ 1889ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಿಂದ ಈ ಪದ ಮುದ್ರಣಕ್ಕೆ ಬಂತು. ಹಳ್ಳಿಗರು ತಮ್ಮ ತಮ್ಮ ಸೀಮೆಯ ಹೆಸರುಗಳಿಂದಲೇ ಕರೆಯುತ್ತಿದ್ದರು: ಪ್ರಿಪೆವ್ಕಿ, ಕರತೂಷ್ಕಿ (ಗಿಡ್ಡ ಹಾಡುಗಳು), ತರತೋರ್ಕಿ (ವಟವಟ ಹಾಡುಗಳು). ನನಗೆ ಈ ಕೊನೆಯ ಹೆಸರೇ ಹೆಚ್ಚು ಇಷ್ಟ.

ಜಾನಪದ ಅಂದ ಮೇಲೆ ಸಾವಿರಾರು ವರ್ಷ ಹಳೇದಲ್ವಾ?

ಅಲ್ಲ. ರಷ್ಯಾದ ಜಾನಪದದಲ್ಲಿ ಇದು ಕಿರಿಯ ಕೂಸು. ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಈಗಿನ ರೂಪಕ್ಕೆ ಬಂತು. 1861ರಲ್ಲಿ ಜೀತ ಪದ್ಧತಿ ರದ್ದಾದ ಮೇಲೆ ರೈತರು ಕೂಲಿಗಾಗಿ ಪಟ್ಟಣಕ್ಕೂ ಕಾರ್ಖಾನೆಗೂ ಹೋಗಿ ಬರತೊಡಗಿದರು. ಅಷ್ಟು ಹೊತ್ತಿಗೆ ತೂಲಾ ಪಟ್ಟಣದಲ್ಲಿ ತಯಾರಾಗುತ್ತಿದ್ದ ಗರ್ಮೋನ್, ಅಂದರೆ ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಅಕಾರ್ಡಿಯನ್, ಅಗ್ಗವಾಗಿ ಹಳ್ಳಿ ಹಳ್ಳಿಗೂ ತಲುಪಿತ್ತು. ಹಳೆಯ ರಷ್ಯನ್ ಹಾಡುಗಳು ದೀರ್ಘವಾದವು. ಹಲವರು ಕೂಡಿ ಎಳೆದು ಎಳೆದು ಹಾಡುವಂಥವು, ಅವಕ್ಕೆ ಬಿಡುವಿರುವ ಬದುಕು ಬೇಕು. ಓಡಾಡುವ ಬದುಕಿಗೆ ಓಡುವ ಹಾಡು ಒದಗಿತು. ಬಹಳ ಹಿಂದಿನಿಂದ ಇದ್ದ ಕುಣಿತದ ಪಲ್ಲವಿಗಳ ರಕ್ತ ಇದರಲ್ಲಿದೆ, ಅದು ನಿಜ. ಆದರೆ ಚಸ್ತೂಷ್ಕ ರೈಲಿನ ಕಾಲದ ಹಾಡು.

ವಿಡಿಯೋದಲ್ಲಿ ಹಾಡೋರೆಲ್ಲ ಅಜ್ಜಿಯರೇ. ಇದು ಮುದುಕಿಯರ ಹಾಡಾ?

ಹುಟ್ಟಿದಾಗ ಇದು ಹದಿಹರೆಯದವರ ಹಾಡು, ಅದರಲ್ಲೂ ಹುಡುಗಿಯರದು. ಚಳಿಗಾಲದ ಸಂಜೆ ಹುಡುಗಿಯರು ಒಂದು ಮನೆಯಲ್ಲಿ ಸೇರಿ ನೂಲು ತೆಗೆಯುತ್ತ ಕೂರುತ್ತಿದ್ದರು, ಹುಡುಗರು ಗರ್ಮೋನ್ ಹಿಡಿದು ಬರುತ್ತಿದ್ದರು. ಬೇಸಿಗೆಯಲ್ಲಾದರೆ ಊರ ಹೊರಗಿನ ಬಯಲು. ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಲು ನಾಚಿಕೆ, ಹಾಡಿನಲ್ಲಿ ಹೇಳಿದರೆ ಯಾರೂ ತಪ್ಪು ಹಿಡಿಯುವ ಹಾಗಿಲ್ಲ. ಒಬ್ಬ ಹುಡುಗಿ ತನ್ನ ಹಿಂದೆ ಬಿದ್ದವನನ್ನು ನಾಲ್ಕು ಸಾಲಿನಲ್ಲಿ ಬೇಡವೆಂದು ಅಟ್ಟಬಹುದಿತ್ತು, ಅಥವಾ ಇನ್ನೊಬ್ಬಳ ಜೊತೆ ಅವನನ್ನು ಕಂಡೆನೆಂದು ಇಡೀ ಊರಿನ ಮುಂದೆ ಸಾರಬಹುದಿತ್ತು. ಸೈನ್ಯಕ್ಕೆ ಕರೆಬಂದ ಹುಡುಗರು ಊರು ಬಿಡುವ ಮೊದಲು ಬೀದಿ ಬೀದಿ ಸುತ್ತಿ ಹಾಡುತ್ತಿದ್ದ ಚಸ್ತೂಷ್ಕಿಗಳದ್ದೇ ಒಂದು ದೊಡ್ಡ ರಾಶಿಯಿದೆ.

ಆ ಹುಡುಗಿಯರು ಹಾಡುತ್ತ ಹಾಡುತ್ತ ಮುದುಕಿಯರಾದರು. ನೀವು ಈಗ ನೋಡುತ್ತಿರುವುದು ಅವರನ್ನು, ಅವರ ಮಕ್ಕಳನ್ನು.

ನಮ್ಮ ಚುಟುಕ ಇದ್ದ ಹಾಗೇ ಅಲ್ವಾ?

ನೋಡಲು ಹಾಗೆ ಕಾಣುತ್ತದೆ: ನಾಲ್ಕು ಸಾಲು, ಪ್ರಾಸ, ಕೊನೆಗೆ ಚಿಟಿಕೆ. ಆದರೆ ದಿನಕರ ದೇಸಾಯಿಯವರ ಚುಟುಕ ಒಬ್ಬ ಕವಿ ಬರೆದದ್ದು, ಓದುವುದಕ್ಕೆ ಇರುವುದು. ಚಸ್ತೂಷ್ಕಕ್ಕೆ ಒಡೆಯರಿಲ್ಲ, ಮತ್ತು ಕುಣಿತ ತೆಗೆದರೆ ಅದರ ಅರ್ಧ ಪ್ರಾಣ ಹೋಗುತ್ತದೆ. ಮದುವೆ ಮನೆಯಲ್ಲಿ ನಮ್ಮ ಹೆಂಗಸರು ಬೀಗರನ್ನು ಮುಖಕ್ಕೆ ಮುಖ ಕೊಟ್ಟು ಮೂದಲಿಸಿ ಹಾಡುತ್ತಾರಲ್ಲ, ಆ ಬೀಗರ ಹಾಡಿಗೆ ಚಸ್ತೂಷ್ಕ ಹೆಚ್ಚು ಹತ್ತಿರ. ಹಾಡು ಎಂಬ ನೆಪ ಇರುವುದರಿಂದ ಅಲ್ಲಿ ಯಾರೂ ಕೋಪ ಮಾಡಿಕೊಳ್ಳುವ ಹಾಗಿಲ್ಲ.

## ಹಾಡಿನ ಒಳಗೆ

ಛಂದಸ್ಸು ಏನಾದ್ರೂ ಇದೆಯಾ, ಇಲ್ಲ ಬಾಯಿಗೆ ಬಂದ ಹಾಗೆ ಹಾಡ್ತಾರಾ?

ಬಾಯಿಗೆ ಬಂದ ಹಾಗೆ ಕಟ್ಟುತ್ತಾರೆ, ಆದರೆ ಅಚ್ಚು ಬಿಗಿಯಾಗಿದೆ. ಮೂವತ್ತರ ದಶಕದಲ್ಲಿ ಹಳ್ಳಿಗಳಲ್ಲಿ ಓಡಾಡಿದ ಒಂದನ್ನು ನೋಡಿ:

ಕಗ್ದಾ ಲೇನಿನ್ ಉಮಿರಾಲ್,
ಸ್ತಾಲಿನು ನಕಾಜಿವಲ್:
ಮ್ನೋಗ ಖ್ಲೇಬ ನಿ ದವಾಯ್,
ಮ್ಯಾಸ ನಿ ಪಕಾಜಿವಯ್.

ಸಾಯುವ ಹೊತ್ತಿಗೆ ಲೆನಿನ್ ಸ್ಟಾಲಿನನಿಗೆ ಬುದ್ಧಿ ಹೇಳಿದನಂತೆ: ಬ್ರೆಡ್ಡು ಹೆಚ್ಚು ಕೊಡಬೇಡ, ಮಾಂಸ ಕಣ್ಣಿಗೂ ತೋರಿಸಬೇಡ.

ಎಣಿಸಿ ನೋಡಿ, ಸಾಲಿಗೆ ಏಳೇಳು ಉಚ್ಚಾರಾಂಶ. ಒಂದನೆಯದು, ಮೂರನೆಯದು, ಐದನೆಯದು, ಏಳನೆಯದು: ಈ ನಾಲ್ಕರ ಮೇಲೆ ತಾಳ ಬೀಳುತ್ತದೆ. ಮಾತಿನಲ್ಲಿ ‘ಕಗ್ದಾ’ ಎಂಬ ಪದದ ಒತ್ತು ಎರಡನೇ ಅಕ್ಷರದ ಮೇಲೆ. ಹಾಡುವಾಗ ತಾಳ ಅದನ್ನು ಮೊದಲ ಅಕ್ಷರಕ್ಕೆ ಎಳೆದು ತರುತ್ತದೆ. ಪದ ತಾಳಕ್ಕೆ ಬಗ್ಗಬೇಕೇ ಹೊರತು ತಾಳ ಪದಕ್ಕೆ ಬಗ್ಗುವುದಿಲ್ಲ. ಈ ಸಣ್ಣ ಎಳೆದಾಟದಿಂದಲೇ ಚಸ್ತೂಷ್ಕಕ್ಕೆ ಅದರ ತುಂಟ ದನಿ ಬರುತ್ತದೆ.

ಪ್ರಾಸದಲ್ಲಿ ಹೆಚ್ಚಾಗಿ ಎರಡನೇ ಸಾಲೂ ನಾಲ್ಕನೇ ಸಾಲೂ ಕೂಡುತ್ತವೆ. ಒಂದು ಮತ್ತು ಮೂರು ಕೂಡಿದರೆ ಒಳ್ಳೆಯದು, ಬಿಟ್ಟರೂ ನಡೆಯುತ್ತದೆ. ಎರಡೆರಡು ಸಾಲಿಗೆ ಪ್ರಾಸ ಬದಲಾಗುವ ಹಾಡುಗಳೂ ಉಂಟು.

ಕೇಳೋಕೆ ಎಲ್ಲಾ ಒಂದೇ ಥರ ಇರುತ್ತಲ್ಲ, ಬೇರೆ ಬೇರೆ ವಿಧ ಇದೆಯಾ?

ಇದೆ. ‘ಸ್ತ್ರದಾನಿಯ’ ಎಂಬುದು ಎರಡೇ ಸಾಲಿನದು, ನಿಧಾನ ಗತಿಯದು. ಹೆಸರಿನ ಅರ್ಥವೇ ಸಂಕಟ, ಪ್ರೇಮದ ಸಂಕಟ. ‘ಸೆಮ್ಯೋನವ್ನ’ ಎಂಬ ಹೆಂಗಸಿನ ಹೆಸರು ಹಿಡಿದು ಕರೆಯುವ ಧಾಟಿ ಇನ್ನೊಂದು. ವೋಲ್ಗಾ ದಂಡೆಯ ಸರಾತೊಫ್ ಸೀಮೆಯಲ್ಲಿ ‘ಮತಾನ್ಯ’ ಇದೆ. ಅಲ್ಲಿನ ಗರ್ಮೋನಿಗೆ ಪುಟ್ಟ ಗಂಟೆಗಳನ್ನು ಕಟ್ಟಿರುತ್ತಾರೆ, ದೂರದಿಂದಲೇ ಗುರುತು ಸಿಗುತ್ತದೆ. ಏನೇನೂ ಅರ್ಥವಿಲ್ಲದ, ಲೋಕವನ್ನು ತಲೆಕೆಳಗು ಮಾಡಿ ಹಾಡುವ ಚಸ್ತೂಷ್ಕಿಗಳದ್ದು ಮತ್ತೊಂದು ಗುಂಪು, ಮಕ್ಕಳಿಗೆ ಅಚ್ಚುಮೆಚ್ಚು. ‘ಯಾಬ್ಲಚ್ಕ’ ಎಂಬ ಇನ್ನೊಂದು ಧಾಟಿಯ ಬಗ್ಗೆ ಮುಂದೆ ಬೇರೆಯಾಗಿಯೇ ಬರೆದಿದ್ದೇನೆ.

ಮಧ್ಯೆ ಮಧ್ಯೆ ಕಾಲು ಯಾಕೆ ಬಡೀತಾರೆ?

ಅದರ ಹೆಸರು ‘ದ್ರೋಬ್’. ಹಿಮ್ಮಡಿ, ಮುಂಗಾಲು ಎರಡನ್ನೂ ಬಳಸಿ ನೆಲದ ಮೇಲೆ ತಮಟೆ ಬಾರಿಸಿದ ಹಾಗೆ ತಟ್ಟುವುದು. ಹಾಡುವವಳು ನಾಲ್ಕು ಸಾಲು ಮುಗಿಸಿದ ಕೂಡಲೇ ಗರ್ಮೋನಿನವನು ಜೋರು ಮಾಡುತ್ತಾನೆ. ಅವಳು ಕೈವಸ್ತ್ರ ಬೀಸುತ್ತ ತಟ್ಟುತ್ತಾಳೆ, ಸುತ್ತ ನಿಂತವರು ‘ಊಖ್!’, ‘ಎಖ್!’ ಎಂದು ಹುರುಪು ತುಂಬುತ್ತಾರೆ. ಆಮೇಲೆ ಅವಳು ಇನ್ನೊಬ್ಬಳ ಎದುರಿಗೆ ಹೋಗಿ ನಿಂತು ಮತ್ತೊಮ್ಮೆ ತಟ್ಟಿದಳೆಂದರೆ ಅದು ಸವಾಲು. ಅವಳು ಎದ್ದು ಉತ್ತರ ಕೊಡಲೇಬೇಕು.

ಈ ತಟ್ಟುವಿಕೆಗೆ ಇನ್ನೊಂದು ಉಪಯೋಗವೂ ಇದೆ. ಕೇಳಿದವರು ನಕ್ಕು ಮುಗಿಸಲು ಅದು ಸಮಯ ಕೊಡುತ್ತದೆ, ಮುಂದಿನ ನಾಲ್ಕು ಸಾಲನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಲು ಹಾಡುವವಳಿಗೆ ಬಿಡುವು ಸಿಗುತ್ತದೆ. ಗರ್ಮೋನ್ ಇಲ್ಲದ ಕಡೆ ಬಾಲಲೈಕ, ಅದೂ ಇಲ್ಲದಿದ್ದರೆ ಮರದ ಚಮಚ. ಏನೂ ಇಲ್ಲದಿದ್ದರೆ ಒಬ್ಬಳು ಬಾಯಲ್ಲೇ ಗರ್ಮೋನಿನ ದನಿ ತೆಗೆಯುತ್ತಾಳೆ. ಅದಕ್ಕೆ ‘ನಾಲಿಗೆಯ ಮೇಳ’ ಎಂಬರ್ಥದ ಮಾತೂ ಇದೆ.

ಬರೀ ನಗಿಸೋ ಹಾಡುಗಳೇನಾ? ದುಃಖದ್ದು ಇಲ್ವಾ?

ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಉಳಿದದ್ದನ್ನೆಲ್ಲ ಬರೆಯುತ್ತಿದ್ದೇನೆ ಎಂದರೂ ಸರಿ. ಚಸ್ತೂಷ್ಕವನ್ನು ‘ತಮಾಷೆ ಹಾಡು’ ಎಂದು ಕರೆದು ಕೈಬಿಟ್ಟವರು ಅದರ ಮುಖ ಮಾತ್ರ ನೋಡಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡಿತು. ಎಷ್ಟೋ ಹಳ್ಳಿಗಳಲ್ಲಿ ದುಡಿಯುವ ವಯಸ್ಸಿನ ಗಂಡಸರೇ ಉಳಿಯಲಿಲ್ಲ. ಕುದುರೆಗಳನ್ನೂ ಸೈನ್ಯ ಒಯ್ದಿತ್ತು. ಹೆಂಗಸರು ತಾವೇ ನೇಗಿಲಿಗೆ ಹೆಗಲು ಕೊಟ್ಟು ಉತ್ತರು. ಕೊಲ್ಖೋಜಿನಲ್ಲಿ ಅವರ ದುಡಿಮೆಗೆ ಸಿಗುತ್ತಿದ್ದುದು ಲೆಕ್ಕದ ಪುಸ್ತಕದಲ್ಲಿ ಒಂದು ಗೀಟು. ಆ ಹೆಂಗಸರು ಹಾಡಿದ್ದು ಇದು:

ವೋತ್ ಇ ಕೋಂಚಿಲಸ್ ವಯ್ನಾ,
ಇ ಅಸ್ತಾಲಸ್ ಯಾ ಅದ್ನಾ.
ಯಾ ಇ ಲೋಶತ್, ಯಾ ಇ ಬೀಕ್,
ಯಾ ಇ ಬಾಬ, ಇ ಮುಜೀಕ್.

ಅಂತೂ ಯುದ್ಧ ಮುಗಿಯಿತು, ಉಳಿದವಳು ನಾನೊಬ್ಬಳೇ. ಕುದುರೆಯೂ ನಾನೇ, ಗೂಳಿಯೂ ನಾನೇ, ಹೆಂಗಸೂ ನಾನೇ, ಗಂಡಸೂ ನಾನೇ.

ಲಯ ಅದೇ ಕುಣಿಯುವ ಲಯ. ಗರ್ಮೋನೂ ಅದೇ, ಕಾಲು ತಟ್ಟುವುದೂ ಅದೇ. ಮೂರನೇ ಸಾಲಿಗೆ ಕೇಳುವವರಿಗೆ ನಗು ಬರುತ್ತದೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಯುದ್ಧದ ಬಗ್ಗೆ ಬಂದ ಎಷ್ಟೋ ದೊಡ್ಡ ಗದ್ಯಗಳು ಹೇಳಲಾರದ್ದನ್ನು ಇಪ್ಪತ್ತೆಂಟು ಉಚ್ಚಾರಾಂಶಗಳಲ್ಲಿ ಯಾರೋ ಒಬ್ಬಳು ಹೇಳಿ ಹೋಗಿದ್ದಾಳೆ. ಅವಳ ಹೆಸರು ನಮಗೆ ಸಿಗುವುದಿಲ್ಲ.

ತುಂಬಾ ಅಶ್ಲೀಲ ಅಂತ ಕೇಳಿದೀನಿ. ನಿಜಾನಾ?

ನಿಜ, ಒಂದು ದೊಡ್ಡ ಭಾಗ ಹಾಗಿದೆ. ರಷ್ಯನ್ನಿನ ‘ಮಾತ್’ ಎಂಬ ಬೈಗುಳದ ಭಾಷೆ ಅದರಲ್ಲಿ ಧಾರಾಳವಾಗಿ ಬರುತ್ತದೆ. ಅಂಥವನ್ನು ಗಂಡಸರೂ ಹಾಡುತ್ತಾರೆ, ಮದುವೆಯ ಎರಡನೇ ದಿನ ನಡುವಯಸ್ಸಿನ ಹೆಂಗಸರೂ ಹಾಡುತ್ತಾರೆ. ಸೋವಿಯತ್ ಕಾಲದ ಮುದ್ರಿತ ಸಂಕಲನಗಳಲ್ಲಿ ಅವುಗಳ ಸುಳಿವೂ ಇರುತ್ತಿರಲಿಲ್ಲ. ಒಕ್ಕೂಟ ಒಡೆದ ಮೇಲಷ್ಟೇ ಬಿಚ್ಚಿ ಅಚ್ಚಾದವು. 2014ರ ಜುಲೈಯಿಂದ ರಷ್ಯಾದಲ್ಲಿ ಸಿನಿಮಾ, ನಾಟಕ, ಸಂಗೀತ ಕಾರ್ಯಕ್ರಮಗಳಲ್ಲಿ ಬೈಗುಳ ಬಳಸುವುದನ್ನು ಕಾನೂನು ನಿಷೇಧಿಸಿದೆ. ಹಾಗಾಗಿ ವೇದಿಕೆಯಲ್ಲಿ ಕೇಳುವುದಕ್ಕೂ ಅಡುಗೆಮನೆಯಲ್ಲಿ ಕೇಳುವುದಕ್ಕೂ ಬಹಳ ಅಂತರವಿದೆ.

ಇದರಲ್ಲಿ ನನ್ನ ಮನಸ್ಸು ಸೆಳೆಯುವುದು ಬೈಗುಳವನ್ನು ಹೇಳದೆ ಹೇಳುವ ಕಸುಬು. ಎರಡನೇ ಸಾಲಿನ ಕೊನೆಗೆ ಬೇಕೆಂದೇ ಒಂದು ಪದ ಇಡುತ್ತಾರೆ. ಕುಕೂಯೆವೊ ಎಂಬ ಊರಿನ ಕಡೆಯಿಂದ ನದಿಯಲ್ಲಿ ಕೊಡಲಿ ತೇಲಿ ಬರುವ ಪ್ರಸಿದ್ಧ ಹಾಡಿದೆ. ಆ ಊರಿನ ಹೆಸರು ಕಿವಿಗೆ ಬಿದ್ದ ಕ್ಷಣವೇ ನಾಲ್ಕನೇ ಸಾಲಿಗೆ ಯಾವ ಪ್ರಾಸ ಬರಬೇಕೆಂದು ಎಲ್ಲರಿಗೂ ಗೊತ್ತು. ಹಾಡುವವಳು ಅಲ್ಲಿಗೆ ಬಂದು ಸುಮ್ಮನೆ ನಿಲ್ಲುತ್ತಾಳೆ, ಇಲ್ಲವೇ ಸಭ್ಯವಾದ ಬೇರೊಂದು ಪದ ಹಾಕುತ್ತಾಳೆ. ಕೆಟ್ಟ ಪದ ಹುಟ್ಟಿದ್ದು ಕೇಳಿದವರ ಮನಸ್ಸಿನಲ್ಲಿ, ಅವಳ ಬಾಯಲ್ಲಿ ಅಲ್ಲ.

## ಹಾಡು ಮತ್ತು ಸರ್ಕಾರ

ಒಂದು ಹಾಡಿಗೆ ಜೈಲಿಗೆ ಹಾಕ್ತಿದ್ರು ಅನ್ನೋದು ಉತ್ಪ್ರೇಕ್ಷೆ ಅಲ್ವಾ?

ಅಲ್ಲ. ರಷ್ಯಾ ಗಣರಾಜ್ಯದ ಅಂದಿನ ದಂಡ ಸಂಹಿತೆಯ 58ನೇ ವಿಧಿಯ 10ನೇ ಕಲಂ ‘ಸೋವಿಯತ್ ವಿರೋಧಿ ಪ್ರಚಾರ’ವನ್ನು ಅಪರಾಧ ಎನ್ನುತ್ತಿತ್ತು. ಜೋಕು ಹೇಳಿದವರೂ ಚಸ್ತೂಷ್ಕ ಹಾಡಿದವರೂ ಇದೇ ಕಲಂ ಅಡಿ ಬಲವಂತದ ದುಡಿಮೆಯ ಶಿಬಿರಗಳಿಗೆ ಹೋದರು. ಹಾಡು ಬಾಯಿಂದ ಬಾಯಿಗೆ ಹೋಗುವಂಥದ್ದು, ಬರೆದಿಟ್ಟ ಸಾಕ್ಷಿ ಇರುವುದಿಲ್ಲ. ಆದರೆ ಪಕ್ಕದಲ್ಲಿ ಕೂತು ಕೇಳಿದ ಒಬ್ಬ ದೂರು ಕೊಟ್ಟರೆ ಸಾಕಿತ್ತು.

1934ರ ಡಿಸೆಂಬರ್ 1ರಂದು ಲೆನಿನ್‌ಗ್ರಾಡಿನ ಪಕ್ಷದ ಮುಖ್ಯಸ್ಥ ಕಿರೋಫ್ ಸ್ಮೋಲ್ನಿ ಕಟ್ಟಡದ ಮೊಗಸಾಲೆಯಲ್ಲಿ ಗುಂಡೇಟಿಗೆ ಬಲಿಯಾದರು. ಬೆನ್ನಿಗೇ ಅದರ ಮೇಲೆ ಚಸ್ತೂಷ್ಕಿಗಳು ಹುಟ್ಟಿದವು. ಅಧಿಕಾರಿಗಳು ಅವನ್ನು ತಮ್ಮ ರಹಸ್ಯ ವರದಿಗಳಲ್ಲಿ ಬರೆದಿಟ್ಟರು. ಹಾಡಿದವರನ್ನು ಹಿಡಿಯಲೆಂದು ಬರೆದಿಟ್ಟ ಕಡತಗಳೇ ಈಗ ಜಾನಪದ ಓದುವವರಿಗೆ ಆಕರವಾಗಿವೆ. ‘ಸೌತೆಕಾಯಿ, ಟೊಮೇಟೊ, ಸ್ಟಾಲಿನ್ ಕಿರೋಫನನ್ನು ಮೊಗಸಾಲೆಯಲ್ಲಿ ಮುಗಿಸಿದ’ ಎನ್ನುವ ಸಾಲು ಸ್ಟಾಲಿನ್ ಸತ್ತ ಮೇಲೆ ಎಲ್ಲೆಡೆ ಹರಡಿತು. ಕೊಲೆಯ ಹಿಂದೆ ಸ್ಟಾಲಿನ್ ಇದ್ದನೇ ಎಂಬುದು ಇತಿಹಾಸಕಾರರ ನಡುವೆ ಇತ್ಯರ್ಥವಾಗದ ವಾದ. ಹಾಡಿಗೆ ಆ ಅನುಮಾನವೇ ಇಲ್ಲ.

ಮತ್ತೆ ಸರ್ಕಾರವೇ ಚಸ್ತೂಷ್ಕ ತಂಡಗಳನ್ನ ಸಾಕಿತ್ತಲ್ಲ?

ಎರಡೂ ಒಟ್ಟಿಗೇ ನಡೆದವು. ಹಳ್ಳಿಗರ ಬಾಯಲ್ಲಿ ಬೇಗ ಕೂರುವ ರೂಪ ಇದೊಂದೇ ಎಂದು ಹೊಸ ಸರ್ಕಾರಕ್ಕೆ ಮೊದಲೇ ಗೊತ್ತಾಗಿತ್ತು. ಓದು ಕಲಿಯಿರಿ, ಟ್ರ್ಯಾಕ್ಟರ್ ಬಂತು, ಕೊಲ್ಖೋಜಿಗೆ ಸೇರಿ ಎಂದು ಹೇಳಲು ಸಾವಿರಗಟ್ಟಲೆ ಚಸ್ತೂಷ್ಕಿಗಳನ್ನು ಬರೆಸಿದರು. ಬಹುಪಾಲು ಸಪ್ಪೆ. ಹೊಗಳಿಕೆಗೆ ನಾಲ್ಕನೇ ಸಾಲು ಒಲಿಯುವುದಿಲ್ಲ.

ಆದರೂ ಅಧಿಕೃತ ವೇದಿಕೆಯಲ್ಲಿ ನಿಜವಾದ ಪ್ರತಿಭೆ ಇರಲಿಲ್ಲ ಎನ್ನಲಾಗದು. ಮರೀಯ ಮೊರ್ದಾಸವ (1915–1997) ತಂಬೋಫ್ ಸೀಮೆಯ ರೈತ ಕುಟುಂಬದ ಮಗಳು. ಯುದ್ಧಕಾಲದಲ್ಲಿ ಹುಟ್ಟಿದ ವೊರೋನೆಜ್ ಜಾನಪದ ಗಾಯನ ತಂಡದಲ್ಲಿ ಹಾಡಿ ‘ಚಸ್ತೂಷ್ಕದ ರಾಣಿ’ ಎನಿಸಿಕೊಂಡರು. ಸೋವಿಯತ್ ಒಕ್ಕೂಟದ ಜನಕಲಾವಿದೆ ಎಂಬ ಬಿರುದೂ ಬಂತು. ಅವರ ಧ್ವನಿಮುದ್ರಿಕೆ ಸಿಕ್ಕರೆ ಪದ ಅರ್ಥವಾಗದಿದ್ದರೂ ಕೇಳಿ. ಅಷ್ಟು ವೇಗದಲ್ಲೂ ಒಂದು ಅಕ್ಷರ ಜಾರುವುದಿಲ್ಲ. ಸಾಲಿನ ಕೊನೆಗೆ ದನಿಯನ್ನು ಥಟ್ಟನೆ ಬಿಟ್ಟುಕೊಡುವ ರೀತಿಯಲ್ಲಿ ಒಬ್ಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತದ್ದು ಕಣ್ಣಿಗೆ ಕಟ್ಟುತ್ತದೆ.

‘ಯಾಬ್ಲಚ್ಕ’ ಅಂದ್ರೆ ಸೇಬು ತಾನೆ? ಸೇಬಿಗೂ ಕ್ರಾಂತಿಗೂ ಏನು ಸಂಬಂಧ?

‘ಪುಟ್ಟ ಸೇಬೇ, ಎತ್ತ ಉರುಳುತ್ತಿದ್ದೀ?’ ಎಂದು ಶುರುವಾಗುವ ಎರಡು ಸಾಲಿನ ಹಾಡು ಅದು, ನಾವಿಕರ ಕುಣಿತಕ್ಕೆ ಒಪ್ಪುವ ಧಾಟಿ. 1917ರ ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ಕ್ರಾಂತಿ ಮಾಡಿದ ಬೊಲ್ಶೆವಿಕರ ಕೆಂಪು ಸೇನೆಯವರು, ಅವರನ್ನು ಎದುರಿಸಿದ ಬಿಳಿ ಸೇನೆಯವರು, ಉಕ್ರೇನಿನ ಅರಾಜಕವಾದಿಗಳು ಎಲ್ಲರೂ ಇದೇ ಸೇಬನ್ನು ಉರುಳಿಸಿದರು. ಮೊದಲ ಸಾಲು ಎಲ್ಲರದೂ ಒಂದೇ, ಎರಡನೇ ಸಾಲು ಅವರವರದು. ಎದುರಾಳಿಯ ಕೈಗೆ ಸಿಕ್ಕರೆ ನಿನ್ನ ಗತಿ ಇಷ್ಟೇ ಎಂಬ ಬೆದರಿಕೆ ಅದರಲ್ಲಿರುತ್ತಿತ್ತು. ‘ಗುಬ್‌ಚೆಕ ಕೈಗೆ ಸಿಕ್ಕರೆ ಮರಳಿ ಬರಲಾರೆ’ ಎಂಬುದು ಅವುಗಳಲ್ಲಿ ಹೆಚ್ಚು ಹೆಸರಾದದ್ದು. ಗುಬ್‌ಚೆಕ ಎಂದರೆ ಬೊಲ್ಶೆವಿಕರ ರಹಸ್ಯ ಪೊಲೀಸರ ಪ್ರಾಂತೀಯ ಕಚೇರಿ.

ಸ್ಟಾಲಿನ್ ನಂತರ ಹಾಡು ನಿಂತು ಹೋಯ್ತಾ?

ನಿಲ್ಲಲಿಲ್ಲ, ಬೀದಿಗೇ ಬಂತು. ರಹಸ್ಯ ಪೊಲೀಸರ ಒಡೆಯನಾಗಿದ್ದ ಬೇರಿಯಾನನ್ನು 1953ರ ಜೂನ್‌ನಲ್ಲಿ ಬಂಧಿಸಿದರು. ಜುಲೈಯಲ್ಲಿ ಸುದ್ದಿ ಹೊರಬಿದ್ದದ್ದೇ ತಡ, ಮಕ್ಕಳು ಕೂಡ ಹಾಡುತ್ತಿದ್ದರು:

ಬೇರಿಯ, ಬೇರಿಯ,
ವೀಶೆಲ್ ಇಜ್ ದವೇರಿಯ,
ಅ ತವಾರಿಶ್ ಮಲೆನ್ಕೋಫ್
ನದವಾಲ್ ಯೆಮು ಪಿನ್ಕೋಫ್.

ಬೇರಿಯಾ ನಂಬಿಕೆ ಕಳೆದುಕೊಂಡ, ಕಾಮ್ರೇಡ್ ಮಲೆನ್ಕೋಫ್ (ಸ್ಟಾಲಿನ್ ನಂತರ ಪ್ರಧಾನಿಯಾದವನು) ಅವನಿಗೆ ಒದ್ದು ಕಳಿಸಿದ. ‘ವೀಶೆಲ್ ಇಜ್ ದವೇರಿಯ’ ಎಂಬುದು ಕಚೇರಿ ಕಾಗದದ ಒಣ ಭಾಷೆ. ಇಡೀ ದೇಶ ನಡುಗುತ್ತಿದ್ದ ಹೆಸರಿಗೆ ಆ ಒಣ ಪದವೇ ಪ್ರಾಸವಾಗಿ ಒದಗಿತು. ಹೆಸರು ಹೇಳಲೂ ಹೆದರುತ್ತಿದ್ದವರು ಅದನ್ನು ಎರಡೆರಡು ಸಲ ಕೂಗಿ ಹಾಡಿದರು.

ಆಮೇಲೆ ದೇಶದ ನಾಯಕ ಕ್ರುಶ್ಚೊಫ್ ಎಲ್ಲೆಡೆ ಬೆಳೆಸಲು ಹೊರಟ ಮೆಕ್ಕೆಜೋಳ, ಬಾಹ್ಯಾಕಾಶಕ್ಕೆ ಹೋದ ಗಗಾರಿನ್, 1985ರ ಮದ್ಯ ವಿರೋಧಿ ಅಭಿಯಾನ ಯಾವುದನ್ನೂ ಬಿಡಲಿಲ್ಲ. ಗೊರ್ಬಚೊಫ್ ಕಾಲದ ಒಂದರಲ್ಲಿ ಮೂರು ಕುದುರೆಯ ಗಾಡಿ, ‘ತ್ರೋಯ್ಕ’, ದೇಶದ ತುಂಬ ಓಡುತ್ತದೆ. ಆ ಮೂರು ಯಾರು ಎಂದರೆ ಮೀಶ್ಕ, ರಾಯ್ಕ, ಪೆರೆಸ್ತ್ರೋಯ್ಕ: ಗಂಡ ಮಿಖಾಯಿಲ್, ಹೆಂಡತಿ ರೈಸ, ಜೊತೆಗೆ ಅವರ ಸುಧಾರಣೆ.

## ಸಾಹಿತ್ಯ, ಸಂಗೀತ, ಪರದೆ

ದೊಡ್ಡ ಕವಿಗಳು ಇದನ್ನ ಗಂಭೀರವಾಗಿ ತಗೊಂಡ್ರಾ?

ತೆಗೆದುಕೊಂಡರು. ಅಲೆಕ್ಸಾಂಡರ್ ಬ್ಲಾಕ್ 1918ರ ಜನವರಿಯಲ್ಲಿ ಬರೆದ ‘ಹನ್ನೆರಡು ಮಂದಿ’ ಕಾವ್ಯದ ಮೂರನೇ ಭಾಗ ನೇರವಾಗಿ ಚಸ್ತೂಷ್ಕದ ಅಚ್ಚಿನಲ್ಲಿದೆ. ಅಲ್ಲಿಯವರೆಗೆ ಮಂಜಿನಂಥ ನವಿರಾದ ಕವಿತೆ ಬರೆಯುತ್ತಿದ್ದವರು ಕ್ರಾಂತಿಯ ಬೀದಿಯನ್ನು ಹಿಡಿಯಲು ಈ ದನಿಯನ್ನೇ ಆರಿಸಿಕೊಂಡರು. ರ್‍ಯಜಾನ್ ಸೀಮೆಯ ಹಳ್ಳಿ ಹುಡುಗ ಸೆರ್ಗೆಯ್ ಯೆಸೆನಿನ್ ತಮ್ಮೂರಿನ ಚಸ್ತೂಷ್ಕಿಗಳನ್ನು ಕೂಡಿಸಿ ಅದೇ ವರ್ಷ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅನಾನಸ್ ತಿನ್ನುವ ಸಾಹುಕಾರನಿಗೆ ಕೊನೆಯ ದಿನ ಬಂತೆಂದು ಹೇಳುವ ಮಾಯಕೋವ್ಸ್ಕಿಯವರ 1917ರ ಸಾಲುಗಳೂ ಇದೇ ಬೀದಿಯ ಧಾಟಿಯವು. ಕ್ರಾಂತಿಯಲ್ಲಿ ಅಂದಿನ ಸರ್ಕಾರ ಕೂತಿದ್ದ ಚಳಿಗಾಲದ ಅರಮನೆಯತ್ತ ನುಗ್ಗಿದ ನಾವಿಕರು ಅದನ್ನು ಗುನುಗುತ್ತಿದ್ದರೆಂದು ಪತ್ರಿಕೆಗಳು ಬರೆದದ್ದನ್ನು ಅವರು ಮುಂದೆ ಸಂತೋಷದಿಂದ ನೆನೆದರು.

ವಿರೋಧವೂ ಇತ್ತು. ಮಹಾ ಗಾಯಕ ಫ್ಯೋದೊರ್ ಶಲ್ಯಾಪಿನ್ ತಮ್ಮ ನೆನಪುಗಳಲ್ಲಿ, ಎಂಥೆಂಥ ಹಾಡುಗಳನ್ನು ಹಾಡುತ್ತಿದ್ದ ಜನ ಅವನ್ನು ಮರೆತು ಈ ಕೀಳು ಚಸ್ತೂಷ್ಕಕ್ಕೆ ಇಳಿದರಲ್ಲ ಎಂದು ಬಹಳ ನೊಂದುಕೊಂಡಿದ್ದಾರೆ. ಹಳೆಯ ಹಾಡುಗಳ ಮೇಲಿನ ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ತೀರ್ಪು ಒಪ್ಪಲಾರೆ. ‘ಕುದುರೆಯೂ ನಾನೇ’ ಎಂದು ಹಾಡಿದ ಹೆಂಗಸಿಗೆ ಬೇರೆ ಯಾವ ಹಾಡು ಕೈಗೆ ಸಿಕ್ಕೀತು?

ಶಾಸ್ತ್ರೀಯ ಸಂಗೀತದಲ್ಲಿ ಎಲ್ಲಾದ್ರೂ ಕೇಳಬಹುದಾ?

ರೊದಿಯೋನ್ ಶೆದ್ರಿನ್ 1963ರಲ್ಲಿ ‘ತುಂಟ ಚಸ್ತೂಷ್ಕಿಗಳು’ ಎಂಬ ವಾದ್ಯವೃಂದ ಕೃತಿ ರಚಿಸಿದರು. ಎಂಟು ನಿಮಿಷದ ಆಸುಪಾಸು. ಒಂದು ವಾದ್ಯ ಇನ್ನೊಂದರ ಮಾತನ್ನು ನಡುವೆಯೇ ಕಸಿದುಕೊಳ್ಳುವ ಆಟ ಅದು, ಹಾಡುಗಾರರ ಸವಾಲಿನ ವೃತ್ತ ವಾದ್ಯಗಳಿಗೆ ದಾಟಿದ ಹಾಗೆ. ಅದಕ್ಕೂ ಮೊದಲು, 1927ರಲ್ಲಿ ಮಾಸ್ಕೋದ ಬಲ್ಶೋಯ್ ರಂಗಮಂದಿರದಲ್ಲಿ ಬಂದ ಗ್ಲಿಯೆರ್ ಅವರ ‘ಕೆಂಪು ಗಸಗಸೆ ಹೂ’ ಬ್ಯಾಲೆಯಲ್ಲಿ ನಾವಿಕರು ಕುಣಿಯುವುದು ‘ಯಾಬ್ಲಚ್ಕ’ದ ಧಾಟಿಗೆ. ಕಹಳೆಗಳಲ್ಲಿ ಭಾರವಾಗಿ ಶುರುವಾಗಿ ಸುತ್ತು ಸುತ್ತಿಗೂ ವೇಗ ಪಡೆಯುವ ಆ ಕುಣಿತವನ್ನು ಜಗತ್ತಿನ ಎಲ್ಲ ಕಡೆ ನುಡಿಸುತ್ತಾರೆ.

ಇವತ್ತಿನ ರಷ್ಯನ್ನರಿಗೆ ಇದು ಎಲ್ಲಿಂದ ಪರಿಚಯ ಆಗುತ್ತೆ?

ಹೆಚ್ಚಿನವರಿಗೆ ಒಂದು ಕಾರ್ಟೂನಿನಿಂದ. ಗಾರಿ ಬಾರ್ದಿನ್ ನಿರ್ದೇಶಿಸಿದ ‘ಹಾರುವ ಹಡಗು’ (1979) ಚಿತ್ರದಲ್ಲಿ ಬಾಬಾ ಯಾಗ ಎಂಬ ಮಾಟಗಾತಿ ಮುದುಕಿಯರ ಗುಂಪು ಗರ್ಮೋನಿಗೆ ಚಸ್ತೂಷ್ಕ ಹಾಡುತ್ತದೆ. ಯೂರಿ ಎಂಟಿನ್ ಸಾಹಿತ್ಯ, ಮಕ್ಸೀಂ ದುನಾಯೆವ್ಸ್ಕಿ ಸಂಗೀತ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಮೂಗು ಉದ್ದ ಮಾಡಿಕೊಂಡು ಅದನ್ನು ಹಾಡುತ್ತಲೇ ಇರುತ್ತಾರೆ.

ದೊಡ್ಡವರಿಗೆ ‘ಇಗ್ರಾಯ್, ಗರ್ಮೋನ್!’ ಎಂಬ ಟಿವಿ ಕಾರ್ಯಕ್ರಮ. ಸೈಬೀರಿಯಾದ ಗೆನ್ನಾದಿ ಜವೊಲೋಕಿನ್ ಅಣ್ಣ ಅಲೆಕ್ಸಾಂಡರ್ ಜೊತೆ 1986ರಲ್ಲಿ ಶುರು ಮಾಡಿದ್ದು. ಕ್ಯಾಮೆರಾ ಹೊತ್ತು ಹಳ್ಳಿಗೇ ಹೋಗಿ, ಹೊಲದ ಅಂಚಿನಲ್ಲಿ, ಮನೆ ಜಗಲಿಯಲ್ಲಿ ಹಾಡಿಸುತ್ತಿದ್ದರು. 2001ರಲ್ಲಿ ಗೆನ್ನಾದಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೆ ಮಗಳು ಅನಸ್ತಸೀಯ ಮುಂದುವರಿಸಿದರು. ಮದುವೆ, ಹುಟ್ಟುಹಬ್ಬ, ಕಚೇರಿಯಿಂದ ನಿವೃತ್ತಿ, ಹೊಸ ವರ್ಷ: ಯಾವುದೇ ಕೂಟಕ್ಕೂ ಆ ವ್ಯಕ್ತಿಯ ಹೆಸರು ಸೇರಿಸಿ ಚಸ್ತೂಷ್ಕ ಕಟ್ಟುವ ರೂಢಿ ಪಟ್ಟಣಗಳಲ್ಲೂ ಉಳಿದಿದೆ.

ಯೂರೋವಿಷನ್‌ನಲ್ಲಿ ಹಾಡಿದ ಅಜ್ಜಿಯರು ಚಸ್ತೂಷ್ಕ ತಂಡದವರಾ?

ಅಲ್ಲ. ಯೂರೋಪಿನ ಆ ಹಾಡಿನ ಸ್ಪರ್ಧೆ 2012ರಲ್ಲಿ ಬಾಕುವಿನಲ್ಲಿ ನಡೆದಾಗ ಎರಡನೇ ಸ್ಥಾನ ಪಡೆದ ಬುರಾನೊವೊ ಅಜ್ಜಿಯರು ಉದ್ಮುರ್ತ್ ಜನ, ಅವರ ನುಡಿಯೇ ಬೇರೆ, ಫಿನ್ನಿಶ್ ಕಡೆಯ ಬಳಗದ್ದು. ಆದರೆ ಉದ್ಮುರ್ತ್, ಮಾರಿ, ತಾತಾರ್ ಜನರಲ್ಲಿ ‘ತಕ್ಮಾಕ್’ ಎಂಬ ಗಿಡ್ಡ ಹಾಡಿದೆ, ಚಸ್ತೂಷ್ಕದ ಒಡಹುಟ್ಟಿನ ಹಾಗೆ. ಉಕ್ರೇನಿನ ಕಾರ್ಪಾಥಿಯನ್ ಬೆಟ್ಟಗಳ ‘ಕೊಲೊಮಿಯ್ಕ’ ಸಾಲಿಗೆ ಹದಿನಾಲ್ಕು ಉಚ್ಚಾರಾಂಶದ್ದು, ಅದಕ್ಕೆ ಅದರದೇ ಆದ ಚರಿತ್ರೆ ಇದೆ.

## ಇನ್ನೂ ಒಳಕ್ಕೆ ಹೋಗುವವರಿಗೆ

ಮೊದಲು ಇವನ್ನ ಕೂಡಿಸಿಟ್ಟವರು ಯಾರು?

ಒಬ್ಬರ ಬಗ್ಗೆ ಹೇಳಲೇಬೇಕು. ಪಾವೆಲ್ ಫ್ಲೊರೆನ್‌ಸ್ಕಿ ಗಣಿತ ಓದಿದವರು, ದೇವತಾಶಾಸ್ತ್ರಜ್ಞರು, ಮುಂದೆ ಪಾದ್ರಿಯಾದವರು. ಕೊಸ್ತ್ರೊಮಾ ಪ್ರಾಂತದ ನೆರೆಖ್ತ ತಾಲ್ಲೂಕಿನ ಚಸ್ತೂಷ್ಕಿಗಳನ್ನು ಕೂಡಿಸಿ 1909ರಲ್ಲಿ ಪುಸ್ತಕ ಮಾಡಿದರು. ವಿದ್ವಾಂಸರು ಇದನ್ನು ಜಾನಪದದ ಕಸ ಎನ್ನುತ್ತಿದ್ದ ಕಾಲ ಅದು. 1937ರ ಡಿಸೆಂಬರ್‌ನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ವಿ. ಸಿಮಕೋಫ್ 1913ರಲ್ಲಿ, ಯೆಲೆನ ಯೆಲಿಯೋನ್‌ಸ್ಕಯ 1914ರಲ್ಲಿ ದೊಡ್ಡ ಸಂಕಲನಗಳನ್ನು ತಂದರು. ಮೊದಲ ಮಹಾಯುದ್ಧಕ್ಕೆ ಮೊದಲಿನ ಹಳ್ಳಿಯ ದನಿ ನಮಗೆ ಸಿಗುವುದು ಇಂಥವರಿಂದ.

ಕನ್ನಡಕ್ಕೆ ತರೋಕಾಗುತ್ತಾ?

ಕಷ್ಟ, ಆದರೆ ಪ್ರಯತ್ನಿಸಬೇಕು. ರಷ್ಯನ್ನಿನ ತಾಳ ನಿಂತಿರುವುದು ಪದದ ಒತ್ತಿನ ಮೇಲೆ. ಕನ್ನಡದಲ್ಲಿ ಆ ಬಗೆಯ ಒತ್ತು ಇಲ್ಲ, ಲಯ ಹುಟ್ಟುವುದು ಮಾತ್ರೆಯಿಂದ. ಒತ್ತನ್ನು ಎಳೆದಾಡಿ ಬರಿಸುವ ತುಂಟತನವನ್ನು ನಾವು ಬೇರೆ ದಾರಿಯಲ್ಲಿ ತರಬೇಕು: ಆಡುಮಾತಿನ ಕ್ರಿಯಾಪದ, ಒಂದೇ ಪದದ ಮರುಕಳಿಕೆ, ದೀರ್ಘ ಎಳೆದು ಹಾಡುವುದು. ಅಂತ್ಯಪ್ರಾಸಕ್ಕೆ ಕನ್ನಡದಲ್ಲಿ ಬರವಿಲ್ಲ, ಆದರೆ ಕ್ರಿಯಾಪದದ ಕೊನೆಗಳು ತಾವಾಗಿಯೇ ಕೂಡುವುದರಿಂದ ಪ್ರಾಸ ಸಲೀಸಾಗಿ ಸಿಕ್ಕು ಏಟಿನ ಬಿರುಸು ಕಡಿಮೆಯಾಗುತ್ತದೆ. ಯುದ್ಧ ಮುಗಿದ ಮೇಲಿನ ಆ ಹೆಂಗಸಿನ ಹಾಡನ್ನು ನಾನು ಹೀಗೆ ತಂದಿದ್ದೇನೆ:

ಮುಗಿದೇ ಹೋಯ್ತು ಯುದ್ಧವೆಲ್ಲ,
ಮನೆಯಲಿ ಬೇರೆ ಯಾರೂ ಇಲ್ಲ.
ಕುದುರೆ ನಾನೇ, ಎತ್ತೂ ನಾನೇ,
ಹೆಣ್ಣೂ ನಾನೇ, ಗಂಡೂ ನಾನೇ.

ಮೂಲದ ‘ಬೀಕ್’ ಗೂಳಿ. ನೊಗ ಎಂದರೆ ಕನ್ನಡದ ಕಿವಿಗೆ ಎತ್ತೇ, ಹಾಗಾಗಿ ಬದಲಾಯಿಸಿದೆ, ಆ ಬಗ್ಗೆ ನನಗೆ ಅಳುಕಿಲ್ಲ. ಎರಡನೇ ಸಾಲು ಮಾತ್ರ ಇನ್ನೂ ಒಪ್ಪಿಗೆಯಾಗಿಲ್ಲ. ಅವಳು ಹೇಳುವುದು ‘ಉಳಿದವಳು ನಾನೊಬ್ಬಳೇ’ ಎಂದು. ನನ್ನ ಸಾಲಿನಲ್ಲಿ ಮನೆ ಖಾಲಿಯಾಗಿರುವುದು ಕಾಣುತ್ತದೆ, ಉಳಿದವಳು ಕಾಣುವುದಿಲ್ಲ. ಅವಳನ್ನು ಆ ಸಾಲಿನೊಳಗೆ ನಿಲ್ಲಿಸುವ ಪ್ರಾಸ ನಿಮಗೆ ಹೊಳೆದರೆ ಬರೆದು ಕಳಿಸಿ.